ಕಾಸಿಗೆ ಸಿಗುವ ಸ್ಟಾರು, ಹಾಳಾಗುವ ಸಾಕ್ಷಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಈ ನಾಲ್ಕು ತಾಲ್ಲೂಕುಗಳಿಗೆ ಅಗ್ಗದ ಇಂಟರ್‌ನೆಟ್ ಬಂದು ದಶಕ ತುಂಬುತ್ತಿದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾಯಿತು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಡಿಸೆಂಬರ್ 30ರಂದು ಹಣ ಪಾವತಿಯ ಭೀಮ್ ಆ್ಯಪ್ ಬಿಡುಗಡೆಯಾಯಿತು. ನಾಲ್ಕೇ ತಿಂಗಳಲ್ಲಿ ನಡೆದ ಈ ಮೂರು ಘಟನೆಗಳು ಸ್ಮಾರ್ಟ್‌ಫೋನನ್ನು ಪೇಟೆಯ ಹುಡುಗರ ಕೈಯಿಂದ ರೈತರ ಅಂಗಿಜೇಬಿಗೆ, ಹೆಣ್ಣುಮಕ್ಕಳ ಚೀಲಕ್ಕೆ ದಾಟಿಸಿದವು. ಅಂದಿನಿಂದ ಇಂದಿಗೆ ಪಹಣಿ ನೋಡುವುದು, ಬೆಳೆ ಸಮೀಕ್ಷೆ, ಕರೆಂಟು ಬಿಲ್ಲು, ಮಕ್ಕಳ ಪಾಠ, ಸಾಲ, ಚೀಟಿಯ ಕಂತು ಎಲ್ಲಕ್ಕೂ ಒಂದೊಂದು ಆ್ಯಪ್ ಬಂದಿದೆ. ಪ್ರತಿಯೊಂದು ಹೊಸ ಆ್ಯಪ್ ಎದುರಾದಾಗಲೂ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದನ್ನು ನಂಬಬಹುದೆ? ಆ ಪ್ರಶ್ನೆಗೆ ಪ್ಲೇ ಸ್ಟೋರು ತೋರಿಸಿದ ಉತ್ತರ, ಹೆಸರಿನ ಕೆಳಗೆ ಅಚ್ಚಾದ ಸ್ಟಾರುಗಳು.

ಸ್ಟಾರು ಕೊಡುವುದೆಂದರೆ ಸಾಕ್ಷಿ ಹೇಳುವುದು. ನಾನು ಬಳಸಿದ್ದೇನೆ, ನನಗೆ ಹೀಗಾಯಿತು, ನೀವು ಬೇಕಾದರೆ ನಂಬಿ ಎಂದು ಗುರುತಿಲ್ಲದ ಇನ್ನೊಬ್ಬರಿಗೆ ಹೇಳುವ ಮಾತು ಅದು. ಈ ದಶಕದ ಲೆಕ್ಕ ತೆಗೆದರೆ ದೊಡ್ಡ ನಷ್ಟ ಆಗಿರುವುದು ಈ ಸಾಕ್ಷಿಗೆ. ಅದನ್ನು ಕಾಡಿ ಪಡೆಯುವ, ಬೇಡದ್ದನ್ನು ಸೋಸಿ ಬಿಡುವ, ಆಮಿಷ ತೋರಿಸಿ ಸೆಳೆಯುವ, ಕೊನೆಗೆ ಕಾಸು ಎಣಿಸಿ ಕೊಳ್ಳುವ ವಿದ್ಯೆಗಳು ಒಂದರ ಹಿಂದೊಂದು ಬೆಳೆದವು. ಬೆಲೆ ತೆತ್ತವರು ಯಾರು? ಫೋನಿಗೆ ತಡವಾಗಿ ಬಂದವರು. ಪರದೆಯ ಮೇಲಿನ ಇಂಗ್ಲಿಷ್ ಓದಲಾಗದೆ, ಓದಬಲ್ಲ ಒಂದೇ ಗುರುತಾಗಿ ಸ್ಟಾರುಗಳನ್ನು ನೋಡಿ ನಂಬಿದವರು. ಬೆಂಗಳೂರಿನ ಸಾಫ್ಟ್‌ವೇರ್ ನೌಕರನಿಗೆ ರೇಟಿಂಗ್ ಹತ್ತು ಮಾಹಿತಿಗಳಲ್ಲಿ ಒಂದು. ಕಿಕ್ಕೇರಿಯ ಅಥವಾ ಬಿಂಡಿಗನವಿಲೆಯ ಮಹಿಳೆಗೆ ಹಲವು ಸಲ ಅದೊಂದೇ ಮಾಹಿತಿ. ಆದ್ದರಿಂದ ಸುಳ್ಳು ಸ್ಟಾರನ್ನು ಕಂಪನಿಗಳ ನಡುವಿನ ವ್ಯಾಪಾರದ ಪೈಪೋಟಿ ಎಂದು ಬಿಟ್ಟುಬಿಡಲಾಗದು. ಅದು ನಮ್ಮ ಊರುಗಳ ಸಂಗತಿ.

ಮೊದಲ ಎಚ್ಚರಿಕೆಗಳು

ಎಚ್ಚರಿಕೆಯ ಗಂಟೆ ಮೊದಲ ವರ್ಷವೇ ಬಾರಿಸಿತ್ತು. ಭೀಮ್ ಆ್ಯಪ್ ಬಂದ ಕೆಲವೇ ದಿನಗಳಲ್ಲಿ ಅದೇ ಹೆಸರು, ಅದೇ ಬಗೆಯ ಗುರುತು ಹೊತ್ತ ನಕಲಿ ಆ್ಯಪ್‌ಗಳು ಪ್ಲೇ ಸ್ಟೋರಿನಲ್ಲಿ ಕಾಣಿಸಿಕೊಂಡವು. ಮುಂದೆ ಕೋವಿಡ್ ಲಸಿಕೆಯ ಹೊತ್ತಿನಲ್ಲೂ ಹಾಗೇ ಆಯಿತು. 2021ರ ಜನವರಿಯಲ್ಲಿ ಕೋವಿನ್ ಹೆಸರನ್ನು ಹೋಲುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯವೇ ಜನರಿಗೆ ಹೇಳಬೇಕಾಯಿತು. ಸರ್ಕಾರದ ಯೋಜನೆಯೊಂದು ಸುದ್ದಿಯಾದ ಕೂಡಲೇ ಅದರ ಹೆಸರಿನ ನೆರಳಿನಲ್ಲಿ ನಕಲಿಗಳು ಹುಟ್ಟುವುದು ಅಂದಿನಿಂದ ನಿಂತಿಲ್ಲ.

2017ರ ಏಪ್ರಿಲ್‌ನಲ್ಲಿ ಇನ್ನೊಂದು ಬಗೆಯ ಪಾಠ ಸಿಕ್ಕಿತು. ಸ್ನ್ಯಾಪ್‌ಚಾಟ್ ಮುಖ್ಯಸ್ಥರು ಭಾರತವನ್ನು ಬಡ ದೇಶವೆಂದು ಹೀಗಳೆದರು ಎಂಬ ಆರೋಪ ಹಬ್ಬಿತು. ಕಂಪನಿ ಅದನ್ನು ನಿರಾಕರಿಸಿತು. ಸಿಟ್ಟಿಗೆದ್ದ ಭಾರತೀಯರು ಆ ಆ್ಯಪ್‌ಗೆ ಒಂದೊಂದೇ ಸ್ಟಾರು ಕೊಡುತ್ತಾ ಹೋದರು. ಹೆಸರು ಹತ್ತಿರವಿದ್ದ ಕಾರಣಕ್ಕೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಸ್ನ್ಯಾಪ್‌ಡೀಲ್‌ಗೂ ಏಟು ಬಿತ್ತು. 2020ರ ಮೇ ತಿಂಗಳಲ್ಲಿ ಯೂಟ್ಯೂಬ್ ಮತ್ತು ಟಿಕ್‌ಟಾಕ್ ಅಭಿಮಾನಿಗಳ ಜಗಳದಲ್ಲಿ ನಾಲ್ಕರ ಮೇಲಿದ್ದ ಟಿಕ್‌ಟಾಕ್ ರೇಟಿಂಗ್ ಕೆಲವೇ ದಿನಗಳಲ್ಲಿ ಎರಡಕ್ಕಿಂತ ಕೆಳಗೆ ಇಳಿಯಿತು. ಗೂಗಲ್ ಲಕ್ಷಗಟ್ಟಲೆ ರಿವ್ಯೂಗಳನ್ನು ಅಳಿಸಿದ ಮೇಲೆ ಮತ್ತೆ ಏರಿತು. ಅದೇ ವರ್ಷ ಜೂನ್ 29ರಂದು ಸರ್ಕಾರ ಅದೂ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು.

ಜನರ ಸಿಟ್ಟಿಗೆ ಕಾರಣಗಳು ಇದ್ದಿರಬಹುದು. ಕೆಲವು ಸಿಟ್ಟು ನ್ಯಾಯವಾದದ್ದೂ ಹೌದು. ಆದರೆ ಬಳಸದ ಆ್ಯಪ್‌ಗೆ ಒಂದು ಸ್ಟಾರು ಕೊಡುವುದು ಕಾಣದ ಸಂಗತಿಗೆ ಸಾಕ್ಷಿ ಹೇಳಿದಂತೆಯೇ. ಬಳಸದೆ ಐದು ಕೊಡುವುದಕ್ಕೂ ಬಳಸದೆ ಒಂದು ಕೊಡುವುದಕ್ಕೂ ನಡುವೆ ನೀತಿಯ ವ್ಯತ್ಯಾಸ ಇಲ್ಲ ಎಂಬುದು ಈ ಪತ್ರಿಕೆಯ ನಿಲುವು. 2024ರ ಜುಲೈನಲ್ಲಿ ಸ್ಥಳೀಯರ ಉದ್ಯೋಗ ಮೀಸಲಾತಿ ಮಸೂದೆಯ ಬಗ್ಗೆ ಫೋನ್‌ಪೇ ಮುಖ್ಯಸ್ಥರು ಆಡಿದ ಮಾತಿಗೆ ಕನ್ನಡಿಗರು ಆ್ಯಪ್ ಅಳಿಸುವ ಅಭಿಯಾನ ನಡೆಸಿದರು, ಕೊನೆಗೆ ಅವರು ಕ್ಷಮೆ ಕೇಳಿದರು. ಬಳಸುವವರು ಬಳಸುವುದನ್ನು ಬಿಡುವುದು ನೇರವಾದ, ಪ್ರಾಮಾಣಿಕವಾದ ಪ್ರತಿಭಟನೆ. ಪ್ರತಿಭಟನೆಗೆ ಅಂಥ ದಾರಿ ಇರುವಾಗ ರೇಟಿಂಗಿನ ಸಾಕ್ಷಿಯನ್ನು ಕೆಡಿಸುವ ಅಗತ್ಯವಿಲ್ಲ.

ಕೈಚಳಕ ನಡೆಯುವುದು ಹೇಗೆ

ರೇಟಿಂಗ್ ಏರಿಸುವ ತಂತ್ರಗಳಲ್ಲಿ ತೀರ ಮೃದುವಾದದ್ದು ಹೊತ್ತು ನೋಡಿ ಕೇಳುವುದು. ಹಣ ಪಾವತಿಯಾಗಿ ಹಸಿರು ಗುರುತು ಮೂಡಿದ ಕ್ಷಣ, ಆಟದಲ್ಲಿ ಗೆದ್ದ ಕ್ಷಣ, ಕ್ಯಾಶ್‌ಬ್ಯಾಕ್ ಬಂದ ಕ್ಷಣದಲ್ಲಿ ಐದು ಖಾಲಿ ಸ್ಟಾರುಗಳು ತೆರೆದುಕೊಳ್ಳುತ್ತವೆ. ಪಾವತಿ ಅರ್ಧಕ್ಕೆ ಸಿಕ್ಕಿಕೊಂಡು ಹಣ ಎಲ್ಲಿಗೆ ಹೋಯಿತೆಂದು ತಿಳಿಯದೆ ಒದ್ದಾಡುವಾಗ ಆ ಪ್ರಶ್ನೆ ಬರುವುದಿಲ್ಲ. ಇದನ್ನು ಮೋಸ ಎನ್ನಲಾಗದಿದ್ದರೂ, ಸಾಕ್ಷಿಯನ್ನು ಖುಷಿಯಲ್ಲಿರುವಾಗ ಮಾತ್ರ ಕರೆದು ಕೇಳಿದರೆ ಪೂರ್ತಿ ಸಂಗತಿ ಹೊರಗೆ ಬಾರದು.

ಎರಡನೆಯದು ಸೋಸುವುದು. ‘ಆ್ಯಪ್ ಇಷ್ಟವಾಯಿತೆ?’ ಎಂದು ಮೊದಲು ಕೇಳುತ್ತಾರೆ. ಹೌದು ಎಂದವರನ್ನು ಪ್ಲೇ ಸ್ಟೋರಿಗೆ ಕಳಿಸುತ್ತಾರೆ, ಇಲ್ಲ ಎಂದವರಿಗೆ ಕಂಪನಿಯ ದೂರು ಪುಟ ತೆರೆಯುತ್ತಾರೆ. ನಾಲ್ಕು, ಐದು ಒತ್ತಿದರೆ ಸಾರ್ವಜನಿಕರ ಎದುರಿಗೆ. ಒಂದು, ಎರಡು ಒತ್ತಿದರೆ ಕಂಪನಿಯ ಒಳಮನೆಗೆ. ಬಳಕೆದಾರ ತನ್ನ ಮಾತು ಎಲ್ಲರಿಗೂ ಕೇಳಿಸಿತೆಂದು ತಿಳಿದಿರುತ್ತಾನೆ, ಅದು ಯಾರಿಗೂ ಕೇಳಿಸಿರುವುದಿಲ್ಲ. ಆ್ಯಪಲ್ ಕಂಪನಿ 2017ರಲ್ಲಿ ತನ್ನದೇ ರೇಟಿಂಗ್ ಪೆಟ್ಟಿಗೆ ತಂದು, ಒಬ್ಬರಿಗೆ ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ಸಲ ಅದನ್ನು ತೋರಿಸಕೂಡದೆಂದು ಮಿತಿ ಹಾಕಿತು. ಗೂಗಲ್ 2020ರ ಆಗಸ್ಟ್‌ನಲ್ಲಿ ಅಂಥದೇ ವ್ಯವಸ್ಥೆ ತಂದಿತು. ಪೆಟ್ಟಿಗೆ ತೋರಿಸುವ ಮುನ್ನ ‘ಇಷ್ಟವಾಯಿತೆ’, ‘ಐದು ಕೊಡುವಿರಾ’ ಎಂಬಂಥ ಪ್ರಶ್ನೆಗಳನ್ನು ಕೇಳಬಾರದೆಂದೂ ತಿಳಿಸಿತು. ನಿಯಮ ಬಂತು. ಸೋಸುವವರು ಬೇರೆ ಜರಡಿ ಹುಡುಕಿಕೊಂಡರು.

ಮೂರನೆಯದು ಕಾಟ. ‘ಈಗಲೇ ರೇಟ್ ಮಾಡಿ’, ‘ಆಮೇಲೆ ಮಾಡುತ್ತೇನೆ’ ಎಂಬ ಎರಡೇ ಗುಂಡಿಗಳಿರುತ್ತವೆ, ‘ಬೇಡ’ ಎಂಬುದು ಇರುವುದಿಲ್ಲ. ನಾಲ್ಕನೆಯದು ಆಮಿಷ. ಐದು ಸ್ಟಾರಿಗೆ ಇಷ್ಟು ನಾಣ್ಯ, ಇಷ್ಟು ರಿಚಾರ್ಜ್, ಆಟದ ಮುಂದಿನ ಹಂತ. ಪ್ಲೇ ಸ್ಟೋರಿನ ನಿಯಮಗಳು ಇದನ್ನು ನೇರವಾಗಿ ನಿಷೇಧಿಸಿವೆ. ಐದನೆಯದು ಆ್ಯಪ್ ಹಾಕಿಕೊಡುವವರ ಬೆರಳು. ಫೋನು ಅಜ್ಜಿಯದು, ಬೆರಳು ಇನ್ನೊಬ್ಬರದು. ಸಾಲದ ಕಂತು ವಸೂಲಿಗೆ ಬಂದವರೋ, ಸಿಮ್ ಮಾರುವವರೋ, ಅಂಗಡಿಗೆ ಕ್ಯೂಆರ್ ಕೋಡ್ ಅಂಟಿಸಲು ಬಂದವರೋ ‘ಅಣ್ಣ, ಹಂಗೇ ಒಂದು ಫೈವ್ ಸ್ಟಾರ್ ಕೊಟ್ಬಿಡಣ್ಣ’ ಎನ್ನುವುದು, ನಾವು ದಾಕ್ಷಿಣ್ಯಕ್ಕೆ ಫೋನು ಕೈಗೆ ಕೊಡುವುದು ನಾಲ್ಕೂ ತಾಲ್ಲೂಕಿನಲ್ಲಿ ಯಾರಿಗೂ ಹೊಸ ಮಾತಲ್ಲ. ಆ ಹುಡುಗರಿಗೂ ತಿಂಗಳ ಟಾರ್ಗೆಟ್ ಇರುತ್ತದೆ, ಅವರ ಮೇಲೆ ಕೋಪ ಬೇಡ. ಆದರೆ ಆ ಐದು ಸ್ಟಾರಿನಲ್ಲಿ ನಮ್ಮ ಅನುಭವದ ಒಂದು ಹನಿಯೂ ಇರುವುದಿಲ್ಲ.

ಇನ್ನು ಕೊಳ್ಳುವ ವ್ಯಾಪಾರ. ರಿವ್ಯೂಗಳನ್ನು ಸಗಟಿನಲ್ಲಿ ಮಾರುವ ಜಾಲಗಳು ಜಗತ್ತಿನ ಎಲ್ಲ ಕಡೆ ಇವೆ. 2018ರ ಡಿಸೆಂಬರ್‌ನಲ್ಲಿ ಗೂಗಲ್, ಒಂದೇ ವಾರದಲ್ಲಿ ಲಕ್ಷೋಪಲಕ್ಷ ನಕಲಿ ರೇಟಿಂಗ್, ರಿವ್ಯೂಗಳನ್ನು ಹಿಡಿದು ತೆಗೆದುಹಾಕಿದ್ದಾಗಿ ಹೇಳಿಕೊಂಡಿತು. ಆ ಸಂಖ್ಯೆಯಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಕಾಣುವುದು ಗಾಬರಿ, ಏಕೆಂದರೆ ಅದು ಹಿಡಿದದ್ದರ ಲೆಕ್ಕ. 2019ರ ಆಗಸ್ಟ್‌ನಿಂದ ಗೂಗಲ್ ಇತ್ತೀಚಿನ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡತೊಡಗಿತು. ಸುಧಾರಿಸಿಕೊಂಡ ಆ್ಯಪ್‌ಗೆ ಇದರಿಂದ ನ್ಯಾಯ ಸಿಕ್ಕಿತು. ಹೊಸದಾಗಿ ಸ್ಟಾರು ಕೊಂಡವರಿಗೂ ಅನುಕೂಲವಾಯಿತು.

ಎಲ್ಲಕ್ಕಿಂತ ಅಪಾಯದ್ದು, ಹೆಸರು ಗಳಿಸಿದ ಹಳೆಯ ಆ್ಯಪನ್ನೇ ಕೊಂಡು ಒಳಗಿನದನ್ನು ಬದಲಿಸುವುದು. 2018ರ ಅಕ್ಟೋಬರ್‌ನಲ್ಲಿ ಬಜ್‌ಫೀಡ್ ನ್ಯೂಸ್ ನಡೆಸಿದ ತನಿಖೆ ಇಂಥ ಕೊಳ್ಳುವಿಕೆಯ ಮೇಲೆ ನಿಂತ ದೊಡ್ಡ ಜಾಹೀರಾತು ವಂಚನೆಯನ್ನು ಬಯಲಿಗೆಳೆಯಿತು. ಒಂದು ಕೋಟಿಗೂ ಹೆಚ್ಚು ಸಲ ಇಳಿಸಿಕೊಂಡಿದ್ದ ಬಾರ್‌ಕೋಡ್ ಓದುವ ಆ್ಯಪೊಂದು 2020ರ ಕೊನೆಯ ಅಪ್‌ಡೇಟಿನಲ್ಲಿ ಕೆಟ್ಟ ತಂತ್ರಾಂಶವಾಗಿ ಬದಲಾದದ್ದನ್ನು ಮಾಲ್‌ವೇರ್‌ಬೈಟ್ಸ್ ಸಂಸ್ಥೆ 2021ರ ಫೆಬ್ರುವರಿಯಲ್ಲಿ ವರದಿ ಮಾಡಿತು. ವರ್ಷಗಟ್ಟಲೆ ಪ್ರಾಮಾಣಿಕರು ಕೊಟ್ಟ ಸ್ಟಾರುಗಳು ಅಲ್ಲಿ ಹೊಸ ಮೋಸಕ್ಕೆ ಹೊದಿಕೆಯಾದವು.

ಆಲೆಮನೆಗಳ ನಾಡಿನವರಿಗೆ ಇದರ ತಿರುಳು ಬೇಗ ತಿಳಿಯುತ್ತದೆ. ಕೊಳ್ಳುವವರು ಬೆಲ್ಲವನ್ನು ಬಣ್ಣದಿಂದ ಅಳೆಯತೊಡಗಿದಾಗ ಕೊಪ್ಪರಿಗೆಗೆ ಹೈಡ್ರೋಸ್ ಬಿತ್ತು. ಹಳದಿ ಬೆಲ್ಲಕ್ಕೆ ಒಳ್ಳೆಯ ದರ ಸಿಕ್ಕಿತು, ರಾಸಾಯನಿಕ ಹಾಕದೆ ಕಾಯಿಸಿದ ಕಂದು ಬೆಲ್ಲ ಮೂಲೆಗೆ ಸರಿಯಿತು. ತಪ್ಪು ಮಾಡಿದವರಿಗೆ ಲಾಭ, ಮಾಡದವರಿಗೆ ಶಿಕ್ಷೆ ಎಂಬ ಸ್ಥಿತಿಯಲ್ಲಿ ಎಷ್ಟು ದಿನ ಯಾರು ತಾನೇ ಗಟ್ಟಿ ನಿಂತಾರು? ಆ್ಯಪ್ ಅಂಗಡಿಯಲ್ಲೂ ಆದದ್ದು ಇದೇ. ಅಳತೆ ಒಂದೇ ಆದಾಗ ಎಲ್ಲರೂ ಅಳತೆಯನ್ನೇ ತಿದ್ದಲು ಕಲಿತರು. ಕೊಳ್ಳುವವರು ಬಣ್ಣದ ಹಿಂದಿನ ಸಂಗತಿ ತಿಳಿದುಕೊಂಡ ಮೇಲೆ ಕಂದು ಬೆಲ್ಲವನ್ನು ಕೇಳಿ ಕೊಳ್ಳುವವರು ಮತ್ತೆ ಬಂದರು ಎಂಬುದನ್ನೂ ಇಲ್ಲಿ ನೆನೆಯಬೇಕು. ನೋಡುವ ಕಣ್ಣು ಬದಲಾದರೆ ಮಾರುಕಟ್ಟೆಯೂ ಬದಲಾಗುತ್ತದೆ.

ಸಾಲದ ಆ್ಯಪ್‌ಗಳ ವರ್ಷಗಳು

ಸುಳ್ಳು ಸ್ಟಾರಿನ ಅತಿ ಕ್ರೂರ ಅಧ್ಯಾಯ ಕೋವಿಡ್ ಕಾಲದ್ದು. 2020ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ದುಡಿಯುತ್ತಿದ್ದ ಕೆ.ಆರ್. ಪೇಟೆ ಸೀಮೆಯ ಕುಟುಂಬಗಳು ಗುಂಪು ಗುಂಪಾಗಿ ಊರಿಗೆ ಮರಳಿದವು, ಕ್ವಾರಂಟೈನ್ ಕೇಂದ್ರಗಳು ತುಂಬಿದವು. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರನ್ನು ನಂಬಿದ್ದ ಹೋಟೆಲು, ಆಟೊ, ಗೈಡು, ತೆಪ್ಪದವರ ದುಡಿಮೆ ನಿಂತಿತು. ದೇಶದೆಲ್ಲೆಡೆ ಇದೇ ಹೊತ್ತಿನಲ್ಲಿ ಫೋನಿನಲ್ಲೇ ಸಾಲ ಕೊಡುವ ಆ್ಯಪ್‌ಗಳು ಹಬ್ಬಿದವು. ಜಾಮೀನು ಬೇಡ, ಸಹಿ ಬೇಡ, ಐದು ನಿಮಿಷಕ್ಕೆ ಹಣ. ಹೆಸರಿನ ಕೆಳಗೆ ನಾಲ್ಕೂವರೆ ಸ್ಟಾರು. ‘ತುಂಬಾ ಒಳ್ಳೆಯ ಆ್ಯಪ್’, ‘ಬೇಗ ಹಣ ಬಂತು’ ಎಂಬ ಒಂದೇ ಅಚ್ಚಿನ ಹೊಗಳಿಕೆಗಳು ಸಾಲುಸಾಲಾಗಿ ಮೇಲೆ ಇರುತ್ತಿದ್ದವು. ಕಷ್ಟಕ್ಕೆ ಸಿಕ್ಕವರು ಬರೆದದ್ದು ಅವುಗಳ ಅಡಿಯಲ್ಲಿ ಹೂತುಹೋಗುತ್ತಿತ್ತು.

ಏಳು ದಿನದ ಗಡುವು, ಕೈಗೆ ಬರುವ ಮುನ್ನವೇ ಮುರಿದುಕೊಂಡ ಶುಲ್ಕ, ಕಟ್ಟಲು ತಡವಾದರೆ ಫೋನಿನಲ್ಲಿದ್ದ ನಂಟರ ನಂಬರುಗಳಿಗೆಲ್ಲ ಕರೆ, ತಿದ್ದಿದ ಫೋಟೊಗಳ ಬೆದರಿಕೆ. ಮರ್ಯಾದೆಗೆ ಅಂಜಿ ಪ್ರಾಣ ಕಳೆದುಕೊಂಡವರ ಸುದ್ದಿಗಳನ್ನು ಈ ನಾಡು ಓದಿದೆ. ರಿಸರ್ವ್ ಬ್ಯಾಂಕಿನ ಕಾರ್ಯಪಡೆ 2021ರ ಜನವರಿ, ಫೆಬ್ರುವರಿಯಲ್ಲಿ ಪರಿಶೀಲಿಸಿದಾಗ ಭಾರತೀಯರಿಗೆ ಸಿಗುವಂತಿದ್ದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮವಾಗಿದ್ದವು. ಅರ್ಧಕ್ಕೂ ಹೆಚ್ಚು! 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ 2,500ಕ್ಕೂ ಹೆಚ್ಚು, 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿದೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಬೆಂಗಳೂರು ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳ ಆಧಾರದ ಮೇಲೆ ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರ್‌ನಲ್ಲಿ ನಗರದಲ್ಲಿ ಶೋಧ ನಡೆಸಿತು.

ಒಂದು ಆ್ಯಪ್ ತೆಗೆದರೆ ಇನ್ನೊಂದು ಹೆಸರಿನಲ್ಲಿ ಮತ್ತೆ ಬರುತ್ತಿತ್ತು. ಹೆಸರು ಬದಲಾದ ಕೂಡಲೇ ಬೈಗುಳಗಳು ಹಿಂದೆ ಉಳಿದು, ಪುಟ ತೊಳೆದಿಟ್ಟಂತೆ ಆಗುತ್ತಿತ್ತು. ಹೊಸ ಪುಟಕ್ಕೆ ಹೊಸ ಸ್ಟಾರು ಕೊಂಡರೆ ಸಾಕಿತ್ತು. ರೇಟಿಂಗನ್ನು ನೆಚ್ಚಿ ಸಾಲ ಪಡೆಯುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. 2025ರ ಆರಂಭದಲ್ಲಿ ಮಂಡ್ಯವೂ ಸೇರಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಸುದ್ದಿಯಾಗಿ, ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನೆನಪಿರಬಹುದು. ಸಾಲದ ಹಸಿವು ಇಷ್ಟು ತೀವ್ರವಾಗಿರುವ ಸೀಮೆಯಲ್ಲಿ ಸುಳ್ಳು ಸ್ಟಾರು ಬೀಸಿದ ಬಲೆ ಖಾಲಿ ಹೋಗುವುದಿಲ್ಲ.

ನಮ್ಮ ಹುಡುಗರ ಕೈಯಲ್ಲೇ ಮಾಡಿಸಿದ ಕೆಲಸ

ಮೊದಲು ನಾವು ಸುಳ್ಳು ಸ್ಟಾರುಗಳನ್ನು ನಂಬುವವರಾಗಿದ್ದೆವು. ಬರಬರುತ್ತಾ ಅವನ್ನು ತಯಾರಿಸುವ ಕೂಲಿಗೂ ನಮ್ಮ ಮಕ್ಕಳನ್ನೇ ಕರೆದರು. ‘ಮನೆಯಲ್ಲೇ ಕೂತು ಸಂಪಾದಿಸಿ’ ಎಂಬ ಮೆಸೇಜು ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಎಲ್ಲೋ ಇರುವ ಹೋಟೆಲಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರು ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ನೂರೋ ಇನ್ನೂರೋ ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ನಂಬಿಕೆ ಕುದುರುತ್ತದೆ. ಆಮೇಲೆ ಟೆಲಿಗ್ರಾಂ ಗುಂಪು, ಅಲ್ಲಿ ‘ಮುಂಗಡ ಕಟ್ಟುವ ಟಾಸ್ಕ್’. ಸಾವಿರ ಕಟ್ಟಿದರೆ ಹೆಚ್ಚು ಸೇರಿಸಿ ಹಿಂತಿರುಗಿಸುತ್ತಾರೆ. ಹತ್ತು ಸಾವಿರ ಕಟ್ಟಿದಾಗ ಲಾಭ ಪರದೆಯ ಮೇಲೆ ಮಾತ್ರ ಕಾಣುತ್ತದೆ. ತೆಗೆಯಲು ಹೋದರೆ ತೆರಿಗೆ ಕಟ್ಟು, ದಂಡ ಕಟ್ಟು ಎನ್ನುತ್ತಾರೆ. ಚಿನ್ನ ಅಡವಿಟ್ಟು ಕಟ್ಟಿದವರೂ ಇದ್ದಾರೆ. ಇಂಥ ಅರೆಕಾಲಿಕ ಕೆಲಸ, ಹೂಡಿಕೆ ವಂಚನೆಗಳಲ್ಲಿ ತೊಡಗಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. ವಂಚನೆ ನಿಂತಿಲ್ಲ.

ಈ ಬಲೆಗೆ ಹೆಚ್ಚು ಸಿಗುವವರು ಓದಿಯೂ ಕೆಲಸ ಸಿಗದ ಯುವಕರು, ಮನೆ ಬಿಟ್ಟು ದೂರ ಹೋಗಿ ದುಡಿಯಲಾಗದ ಗೃಹಿಣಿಯರು. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ ಇದೆ. ಅಲ್ಲಿ ಓದುವವರು ಫೋನು ಬಲ್ಲವರು. ನಾಳೆ ಆ್ಯಪ್ ಕಟ್ಟುವವರೂ ಅವರೇ. ಮೊದಲ ಸಂಬಳವೆಂದು ಅವರ ಕೈಗೆ ಬಂದದ್ದು ಸುಳ್ಳು ಸಾಕ್ಷಿಯ ಕೂಲಿಯಾದರೆ, ಅದು ಕಲಿಸುವ ಪಾಠ ಎಂಥದು? ಇನ್ನೂ ಮುಂದೆ ಹೋಗಿ ಬ್ಯಾಂಕ್ ಖಾತೆಯನ್ನೇ ‘ಬಾಡಿಗೆ’ಗೆ ಕೊಟ್ಟರೆ ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವರ ಮನೆಯದೇ.

ಇನ್ನೊಂದು ಕಡೆ ಪ್ರಾಮಾಣಿಕವಾಗಿ ದುಡಿಯುವ ಸಣ್ಣ ವ್ಯಾಪಾರಿಗಳು ನಿಂತಿದ್ದಾರೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಹಳೆಯ ಹೆದ್ದಾರಿಯ ಅಂಗಡಿ, ಹೋಟೆಲುಗಳ ಮುಂದೆ ತಾನಾಗಿ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ಈಗ ಗಿರಾಕಿಯನ್ನು ಶ್ರೀರಂಗಪಟ್ಟಣದ ಒಳಗೆ ಕರೆತರುವುದು ಬಹುಮಟ್ಟಿಗೆ ಫೋನಿನ ಮ್ಯಾಪು, ಅದರ ಮೇಲಿನ ಸ್ಟಾರು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳನ್ನು ಅಧ್ಯಯನ ಮಾಡಿ, ಯೆಲ್ಪ್ ಎಂಬ ರಿವ್ಯೂ ತಾಣದಲ್ಲಿ ಒಂದು ಸ್ಟಾರು ಏರಿದರೆ ಸ್ವತಂತ್ರ ಹೋಟೆಲಿನ ವಹಿವಾಟು ಶೇ 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಕೊಂಡರು. ದೊಡ್ಡ ಬ್ರ್ಯಾಂಡಿನ ಹೋಟೆಲಿಗೆ ಹೆಸರೇ ಬಂಡವಾಳ, ಅದಕ್ಕೆ ಸ್ಟಾರಿನ ಹಂಗು ಕಡಿಮೆ. ಸುಳ್ಳು ಸ್ಟಾರುಗಳ ಪೇಟೆಯಲ್ಲಿ ಮೊದಲು ಸೋಲುವವರು ಬೆಳಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಬೇಯಿಸುವ, ಸ್ಟಾರು ಕೊಳ್ಳಲು ಕಾಸೂ ಮನಸ್ಸೂ ಇಲ್ಲದ ಮನೆಹೋಟೆಲಿನವರು.

ಸರ್ಕಾರದ ಆ್ಯಪ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ಕಳಿಸುವ ಬೆಳೆ ಸಮೀಕ್ಷೆ 2020ರಲ್ಲಿ ಶುರುವಾಯಿತು. ಅದು ಒಳ್ಳೆಯ ಉದ್ದೇಶದ ಯೋಜನೆ. ಆದರೆ ವರ್ಷ, ಹಂಗಾಮು ಬದಲಾದಂತೆ ಹೊಸ ಹೆಸರಿನ ಆ್ಯಪ್ ಬರುತ್ತದೆ. ಕಳೆದ ಹಂಗಾಮಿನಲ್ಲಿ ರೈತರು ಬರೆದ ದೂರುಗಳು ಹಳೆಯ ಆ್ಯಪಿನ ಜೊತೆಗೇ ಹೋಗುತ್ತವೆ. ಇಲ್ಲಿ ಮೋಸವಿಲ್ಲ, ದುರುದ್ದೇಶವಿಲ್ಲ. ಆದರೂ ಫಲ ಅದೇ: ರೈತನ ಸಾಕ್ಷಿ ಅಳಿಸಿಹೋಗುತ್ತದೆ. ಒಂದೇ ಆ್ಯಪನ್ನು ಉಳಿಸಿಕೊಂಡು ತಿದ್ದುತ್ತಾ ಹೋದರೆ ಆ ದೂರುಗಳು ದಾಖಲೆಯಾಗಿ ಉಳಿಯುತ್ತವೆ, ಯಾವುದು ಸರಿಹೋಯಿತು ಎಂಬುದೂ ಎಲ್ಲರಿಗೆ ಕಾಣುತ್ತದೆ.

ಕಾನೂನು ನಡೆದು ಬಂದ ದಾರಿ

ಈ ದಶಕದಲ್ಲಿ ಕಾನೂನು ಸುಮ್ಮನೆ ಕೂತಿರಲಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಬಂದ ಇ–ಕಾಮರ್ಸ್ ನಿಯಮಗಳು, ಮಾರುವವರು ತಾವೇ ಗ್ರಾಹಕರೆಂದು ಹೇಳಿಕೊಂಡು ರಿವ್ಯೂ ಬರೆಯುವುದನ್ನು ನಿಷೇಧಿಸಿದವು. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡ ಹೊರತಂದಿತು. ರಿವ್ಯೂ ಬರೆದವರು ನಿಜವಾದ ಬಳಕೆದಾರರೇ ಎಂದು ಹೇಗೆ ಪರಿಶೀಲಿಸಬೇಕು, ಯಾವುದನ್ನು ಪ್ರಕಟಿಸಬೇಕು, ಯಾವ ಕಾರಣಕ್ಕೆ ತಡೆಯಬಹುದು ಎಂಬುದನ್ನು ಅದು ವಿವರಿಸುತ್ತದೆ. ಆದರೆ ಅದನ್ನು ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿ ಬಂತು. ಅದರ ಹಲ್ಲು ಕಿತ್ತದ್ದು ಅಲ್ಲೇ.

2023ರ ನವೆಂಬರ್ 30ರಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಹೊರಡಿಸಿ, ಬಳಕೆದಾರರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿತು. ಪದೇಪದೇ ಕಾಡುವುದು, ಇಲ್ಲದ ಜನಪ್ರಿಯತೆ ತೋರಿಸಿ ಅವಸರಪಡಿಸುವುದು, ಬೇಡ ಎಂದವರನ್ನು ನಾಚಿಸುವುದು ಈಗ ಅನ್ಯಾಯದ ವ್ಯಾಪಾರ. 2025ರ ಜೂನ್‌ನಲ್ಲಿ ಇ–ಕಾಮರ್ಸ್ ವೇದಿಕೆಗಳು ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂದು ಪ್ರಾಧಿಕಾರ ಸೂಚಿಸಿತು. ಆದರೂ ಆ ಹದಿಮೂರರ ಪಟ್ಟಿಯಲ್ಲಿ ಕೊಂಡ ರಿವ್ಯೂ, ಸೋಸಿದ ರೇಟಿಂಗ್ ಎಂಬ ಪ್ರತ್ಯೇಕ ಹೆಸರಿಲ್ಲ. ಅಮೆರಿಕದಲ್ಲಿ ನಕಲಿ ರಿವ್ಯೂ ಕೊಳ್ಳುವುದನ್ನೂ ಮಾರುವುದನ್ನೂ ದಂಡನೆಗೆ ಗುರಿಮಾಡುವ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಅದಕ್ಕೆ ನಿಷೇಧವಿದೆ. ನಮ್ಮಲ್ಲೂ ಆ ಮಾತನ್ನು ಕಾನೂನು ನೇರವಾಗಿ ಆಡುವ ಕಾಲ ಬಂದಿದೆ.

ಸಾಲದ ಆ್ಯಪ್‌ಗಳ ವಿಷಯದಲ್ಲಿ ಮಾತ್ರ ಗಟ್ಟಿ ಹೆಜ್ಜೆ ಇಟ್ಟಿದ್ದೇವೆ. 2022ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಮಾರ್ಗಸೂಚಿಯ ಪ್ರಕಾರ ಸಾಲದ ಹಣ ನೇರ ಸಾಲಗಾರನ ಖಾತೆಗೇ ಬರಬೇಕು, ಬಡ್ಡಿ, ಶುಲ್ಕದ ಪೂರ್ತಿ ವಿವರವನ್ನು ಮೊದಲೇ ಕೊಡಬೇಕು, ಫೋನಿನ ಸಂಪರ್ಕ ಪಟ್ಟಿ, ಫೋಟೊಗಳಿಗೆ ಕೈ ಹಾಕಕೂಡದು. 2023ರ ಮೇ ಕೊನೆಯಿಂದ ಗೂಗಲ್ ಕೂಡ ಅದೇ ನಿರ್ಬಂಧ ತಂದಿತು. 2025ರ ಜುಲೈ 1ರಿಂದ ನಿಯಂತ್ರಣಕ್ಕೊಳಪಟ್ಟ ಸಂಸ್ಥೆಗಳ ಸಾಲದ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಈ ದಶಕದ ಅತಿ ಉಪಯುಕ್ತ ಪಾಠ ಇದು. ನಂಬಿಕೆಗೆ ಸ್ಟಾರುಗಳಷ್ಟೇ ಆಧಾರವಾಗಬೇಕಿಲ್ಲ, ಹೊಣೆ ಹೊತ್ತವರು ಪ್ರಕಟಿಸಿದ ಪಟ್ಟಿಯೂ ಆಧಾರವಾಗಬಲ್ಲದು.

ಇನ್ನು ಮುಂದೆ

ಲೆಕ್ಕ ತೆಗೆದದ್ದಾಯಿತು. ಮುಂದಿನ ದಶಕಕ್ಕೆ ಈ ಪತ್ರಿಕೆ ಕೇಳುವುದು ಇಷ್ಟು.

ಕೇಂದ್ರ ಸರ್ಕಾರ ಐಎಸ್ 19000 ಮಾನದಂಡವನ್ನು ಕಡ್ಡಾಯ ಮಾಡಬೇಕು, ಆ್ಯಪ್ ಅಂಗಡಿಗಳನ್ನೂ ಅದರ ವ್ಯಾಪ್ತಿಗೆ ಸ್ಪಷ್ಟವಾಗಿ ತರಬೇಕು. ಪ್ಲೇ ಸ್ಟೋರು, ಆ್ಯಪ್ ಸ್ಟೋರುಗಳು ಪ್ರತಿ ಆ್ಯಪಿನ ಪುಟದಲ್ಲೂ ಎಷ್ಟು ರಿವ್ಯೂಗಳನ್ನು ನಕಲಿ ಎಂದು ತೆಗೆದಿದ್ದೇವೆ, ಆ್ಯಪಿನ ಒಡೆತನ ಯಾವಾಗ ಕೈ ಬದಲಾಯಿತು ಎಂಬುದನ್ನು ತೋರಿಸಬೇಕು. ಕನ್ನಡದ ರಿವ್ಯೂಗಳನ್ನು ಓದಿ ಪರಿಶೀಲಿಸಲು ಕನ್ನಡ ಬಲ್ಲವರನ್ನು ನೇಮಿಸಬೇಕು.

ಜಿಲ್ಲಾಡಳಿತಕ್ಕೂ ಮಾಡಲು ಕೆಲಸವಿದೆ. ರಿಸರ್ವ್ ಬ್ಯಾಂಕಿನ ಸಾಲದ ಆ್ಯಪ್ ಪಟ್ಟಿಯನ್ನು ಹುಡುಕಿ ನೋಡುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಬರೆದು ಗ್ರಾಮ ಒನ್ ಕೇಂದ್ರ, ಡೇರಿ, ಗ್ರಾಮ ಪಂಚಾಯ್ತಿ, ಸೊಸೈಟಿಗಳ ಗೋಡೆಗೆ ಅಂಟಿಸಲು ದೊಡ್ಡ ಖರ್ಚು ಬೇಕಿಲ್ಲ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ ನಾಲ್ಕು ತಾಲ್ಲೂಕಿನ ಮನೆಮನೆಗೆ ವಿಷಯ ಮುಟ್ಟುತ್ತದೆ. ಎಂಜಿನಿಯರಿಂಗ್ ಕಾಲೇಜುಗಳು ಆ್ಯಪ್ ಕಟ್ಟುವುದನ್ನು ಕಲಿಸುವಾಗಲೇ, ಬಳಕೆದಾರನನ್ನು ಕಾಡದೆ, ಸೋಸದೆ, ಆಮಿಷ ತೋರದೆ ರೇಟಿಂಗ್ ಕೇಳುವುದು ಹೇಗೆ ಎಂಬುದನ್ನೂ ಕಲಿಸಬೇಕು.

ಓದುಗರಲ್ಲೂ ನಮ್ಮ ಕೋರಿಕೆ ಇದೆ. ಆ್ಯಪ್ ಹಾಕಿಕೊಳ್ಳುವ ಮುನ್ನ ಒಟ್ಟು ಸ್ಟಾರು ನೋಡಿ ನಿಲ್ಲಬೇಡಿ, ಹೊಸ ರಿವ್ಯೂಗಳನ್ನು, ಅದರಲ್ಲೂ ಒಂದು ಮತ್ತು ಮೂರು ಸ್ಟಾರು ಕೊಟ್ಟವರ ಮಾತನ್ನು ಓದಿ, ಓದಲಾಗದಿದ್ದರೆ ಓದಿಸಿ. ತಯಾರಕರ ಹೆಸರು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಕಡತವನ್ನು, ಅದರ ಮೇಲೆ ಪಿಎಂ ಕಿಸಾನ್ ಎಂದಿರಲಿ, ಬ್ಯಾಂಕಿನ ಹೆಸರಿರಲಿ, ತೆರೆಯಲೇಬೇಡಿ. ಅದಕ್ಕೆ ಪ್ಲೇ ಸ್ಟೋರಿನ ತಡೆಯೂ ಇರುವುದಿಲ್ಲ. ಸ್ಟಾರಿಗೆ ಕಾಸು ಕೊಡುತ್ತೇವೆ ಎಂದವರಿಂದ ದೂರವಿರಿ. ಹಣ ಹೋದರೆ ನಾಚಿಕೆಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡುವ ಮಂಡ್ಯದ ಸಿಇಎನ್ ಠಾಣೆಗೆ ದೂರು ಕೊಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಗ್ರಾಹಕರಾಗಿ ಅನ್ಯಾಯವಾಗಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ.

ಕೊನೆಯದಾಗಿ, ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ನಿಮಗೆ ಉಪಯೋಗವಾದ ಆ್ಯಪಿಗೆ ಯಾಕೆ ಉಪಯೋಗವಾಯಿತೆಂದು, ತೊಂದರೆ ಕೊಟ್ಟದ್ದಕ್ಕೆ ಯಾವ ದಿನ, ಏನಾಯಿತೆಂದು ಎರಡೇ ಸಾಲು ಸಾಕು. ‘ಸೂಪರ್’ ಎಂಬ ಸಾವಿರ ಒಣಮಾತುಗಳ ನಡುವೆ ಒಬ್ಬ ರೈತ ಮಹಿಳೆ ತನ್ನ ಅನುಭವವನ್ನು ಬಿಡಿಸಿ ಬರೆದ ಎರಡು ಸಾಲು, ಅದನ್ನು ಓದುವ ಇನ್ನೊಬ್ಬಳನ್ನು ಸಾಲದ ಕೂಪದಿಂದ ಉಳಿಸಬಹುದು. ಸುಳ್ಳು ಸಾಕ್ಷಿಗಳನ್ನು ಅಳಿಸುವ ಹೊಣೆ ಕಂಪನಿಗಳದು, ಶಿಕ್ಷಿಸುವ ಹೊಣೆ ಸರ್ಕಾರದ್ದು. ನಿಜವಾದ ಸಾಕ್ಷಿ ಹೇಳುವ ಹೊಣೆಯನ್ನು ಮಾತ್ರ ನಮ್ಮ ಪರವಾಗಿ ಬೇರೆ ಯಾರೂ ಹೊರಲಾರರು.